ಬ್ರ್ಯಾಕೆಟ್ ಮುಂದಿನ ಮೈನಸ್: ಮಗಳ ಲೆಕ್ಕ ತಪ್ಪುತ್ತಿರುವುದು ಎಲ್ಲಿ?

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ಬ್ಯಾಡಗಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮಗಳು ಎಂಟನೇ ಇಯತ್ತೆ. ಕೂಡಿಸುವುದು, ಕಳೆಯುವುದು ಬಾಯಲ್ಲೇ ಮಾಡುತ್ತಾಳೆ. ಬೀಜಗಣಿತ ಬಂತು ಅಂದರೆ ಪುಸ್ತಕ ಮುಚ್ಚಿಡುತ್ತಾಳೆ. 3(ಕ + 4) − 2(ಕ − 5), ಇದನ್ನು ಸುಲಭ ರೂಪಕ್ಕೆ ತರಬೇಕಿತ್ತು. ಅವಳಿಗೆ ಬಂದಿದ್ದು ಕ + 2. ಪುಸ್ತಕದ ಹಿಂದಿರುವ ಉತ್ತರ ಕ + 22. (ಕ + 5)² ಅಂದರೆ ಕ² + 25 ಅಂತ ಬರೆಯುತ್ತಾಳೆ, ಅದೂ ತಪ್ಪಂತೆ. ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ ಅಂತ ಕೇಳಿದಳು, ನನಗೆ ಹೇಳಲು ಬರಲಿಲ್ಲ. ಟ್ಯೂಷನ್‌ಗೆ ಹಾಕಬೇಕಾ? ಯೂಟ್ಯೂಬಿನಲ್ಲಿ ಟ್ರಿಕ್ ಹೇಳಿಕೊಡುತ್ತಾರಂತೆ, ಅದು ಸಾಕಾ?

ಉತ್ತರ: ನಮಸ್ಕಾರ ಅಣ್ಣಾವರೇ. ಟ್ಯೂಷನ್ ಮಾತು ಸ್ವಲ್ಪ ಬದಿಗಿಡೋಣ. ಮೊದಲು ನಿಮ್ಮ ಮಗಳ ಉತ್ತರವನ್ನೇ ನೋಡೋಣ. ಕ + 2 ಅನ್ನುವುದು ಸುಮ್ನೆ ಬಾಯಿಗೆ ಬಂದ ಉತ್ತರ ಅಲ್ಲ. ಅವಳು 3ರಿಂದ ಒಳಗಿನ ಎರಡನ್ನೂ ಗುಣಿಸಿದ್ದಾಳೆ: 3ಕ + 12. 2ರಿಂದಲೂ ಒಳಗಿನ ಎರಡನ್ನೂ ಗುಣಿಸಿದ್ದಾಳೆ: 2ಕ, 10. ಆಮೇಲೆ ಕ ಇರುವ ಪದಗಳನ್ನು ಒಂದು ಕಡೆ, ಬರೀ ಸಂಖ್ಯೆಗಳನ್ನು ಇನ್ನೊಂದು ಕಡೆ ಸೇರಿಸಿದ್ದಾಳೆ. ಎಷ್ಟೋ ಮಕ್ಕಳು ಇಷ್ಟು ದೂರ ಬರುವುದೇ ಇಲ್ಲ. ಅವಳ ಕೈ ತಪ್ಪಿದ್ದು ಒಂದೇ ಗುರುತಿನಲ್ಲಿ. +10 ಇರಬೇಕಾದ ಕಡೆ −10 ಬರೆದಿದ್ದಾಳೆ. ಅಲ್ಲಿಗೆ 12 − 10, ಉತ್ತರ 2. ಅದು 12 + 10 ಆಗಬೇಕಿತ್ತು, ಅಂದರೆ 22.

ಒಂದು ಮಾತು. ಅವಳ ಪುಸ್ತಕದಲ್ಲಿ ಎಕ್ಸ್ ಅಂತ ಇರುತ್ತದೆ. ನೀವು ಕ ಅಂತ ಬರೆದಿದ್ದೀರಿ, ನಾನೂ ಹಾಗೇ ಬರೆಯುತ್ತೇನೆ. ಏನೂ ತೊಂದರೆ ಇಲ್ಲ. ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರಿಟ್ಟು, ಅವುಗಳ ಮೊದಲ ಅಕ್ಷರವನ್ನೇ ಬರೆದು ಲೆಕ್ಕ ಮಾಡುತ್ತಿದ್ದರು. ಅಕ್ಷರ ಯಾವುದಾದರೂ ಸರಿ. ಅದರ ಜಾಗದಲ್ಲಿ ಒಂದು ಸಂಖ್ಯೆ ಇದೆ ಅನ್ನುವುದು ನೆನಪಿದ್ದರೆ ಸಾಕು.

ಈಗ ನಿಮಗೇ ಒಂದು ಪ್ರಶ್ನೆ. 98 ರೂಪಾಯಿಯ ಆರು ಪ್ಯಾಕೆಟ್‌ಗೆ ಎಷ್ಟು ಅಂತ ಗಿರಾಕಿ ಕೇಳಿದರೆ ನೀವು 98ನ್ನು 6ರಿಂದ ಗುಣಿಸುತ್ತಾ ಕೂರುವುದಿಲ್ಲ, ಅಲ್ವಾ? ಆರು ನೂರಲೇ ಆರುನೂರು, ಆರೆರಡಲೇ ಹನ್ನೆರಡು, ಆರುನೂರರಲ್ಲಿ ಹನ್ನೆರಡು ಹೋದರೆ 588. ಇದನ್ನು ಕಾಗದದ ಮೇಲೆ ಬರೆದರೆ ಹೀಗೆ:

6(100 − 2) = 600 − 12 = 588

ಬ್ರ್ಯಾಕೆಟ್ ಬಿಡಿಸುವುದು, ಅಂದರೆ ಪುಸ್ತಕ ಹೇಳುವ ‘ವಿಸ್ತರಿಸಿ’, ಇದೇ ಕೆಲಸ. ಹೊರಗಿನ ಸಂಖ್ಯೆ ಒಳಗಿನ ಪ್ರತಿಯೊಂದನ್ನೂ ಗುಣಿಸುತ್ತದೆ. 100ನ್ನು ಮಾತ್ರ ಗುಣಿಸಿ 2ನ್ನು ಹಾಗೇ ಬಿಟ್ಟರೆ 600 − 2 = 598 ಆಗುತ್ತದೆ. ಗಿರಾಕಿ ಅಲ್ಲೇ ಜಗಳ ತೆಗೆಯುತ್ತಾನೆ. 6(ಕ − 2) ಅಂದಾಗಲೂ ಅಷ್ಟೇ: 6ಕ − 12. ನೂರರ ಜಾಗದಲ್ಲಿ ಕ ಬಂದಿದೆ, ಬೇರೇನೂ ಬದಲಾಗಿಲ್ಲ. ನೀವು ಇದನ್ನು ದಿನಾ ಮಾಡುತ್ತೀರಿ. ಹಾಗಾಗಿ ‘ನನಗೆ ಬೀಜಗಣಿತ ಬರುವುದಿಲ್ಲ’ ಅಂತ ಮಗಳ ಮುಂದೆ ಹೇಳಬೇಡಿ. ಅವಳು ಅದನ್ನು ನಂಬುತ್ತಾಳೆ.

ಇನ್ನು ಮೈನಸ್ ವಿಷಯ. ಇದನ್ನು ನಿಧಾನವಾಗಿ ಓದಿ, ಏಕೆಂದರೆ ತಪ್ಪು ಇರುವುದೇ ಇಲ್ಲಿ. ಎಂಟನೇ ಇಯತ್ತೆಯ ಮಕ್ಕಳಷ್ಟೇ ಅಲ್ಲ, ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಡಿಗ್ರಿ ಮುಗಿಸಿದ ಹುಡುಗರೂ ಇದೇ ಜಾಗದಲ್ಲಿ ಎಡವುತ್ತಾರೆ.

ಗಿರಾಕಿಯೊಬ್ಬ ಸಾಮಾನು ತೆಗೆದುಕೊಂಡ. ಬಿಲ್ಲು ಕ ರೂಪಾಯಿ. ಐನೂರರ ನೋಟು ಕೊಟ್ಟ. ನೀವು ವಾಪಸ್ ಕೊಡಬೇಕಾದ್ದು 500 − ಕ. ಚಿಲ್ಲರೆ ಎಣಿಸುವಷ್ಟರಲ್ಲಿ ಅವನು 20 ರೂಪಾಯಿಯ ಬಿಸ್ಕಿಟ್ ಪುಡಿಕೆ ಬೇಡ ಅಂತ ತಿರುಗಿ ಕೊಟ್ಟ. ಈಗ ಬಿಲ್ಲು ಕ − 20. ವಾಪಸ್ ಕೊಡಬೇಕಾದ್ದು:

500 − (ಕ − 20)

ನೀವೇ ಹೇಳಿ, ಅವನ ಕೈಗೆ ಮೊದಲಿಗಿಂತ 20 ಜಾಸ್ತಿ ಹೋಗಬೇಕೋ, ಕಡಿಮೆ ಹೋಗಬೇಕೋ? ಜಾಸ್ತಿ ಹೋಗಬೇಕು. ಅಂದರೆ 500 − ಕ + 20. ಒಳಗಿದ್ದ −20 ಹೊರಗೆ ಬಂದಾಗ +20 ಆಯಿತು. ಇದು ಯಾರೋ ಮಾಡಿಟ್ಟ ಕಾನೂನು ಅಲ್ಲ. ಕಳೆಯಬೇಕಾದ ಮೊತ್ತವೇ ಕಡಿಮೆ ಆದರೆ ಉಳಿಯುವುದು ಜಾಸ್ತಿ ಆಗುತ್ತದೆ. ಅಷ್ಟೇ.

ನಿಮ್ಮ ಮಗಳು ಮಾಡಿದ ಹಾಗೆ 500 − ಕ − 20 ಅಂತ ಬರೆದರೆ ಏನಾಗುತ್ತದೆ? ಅವನಿಗೆ ಸಿಗಬೇಕಿದ್ದ 20 ಸಿಗಲಿಲ್ಲ, ಮೇಲೆ ಇನ್ನೂ 20 ಹೋಯಿತು. ಒಟ್ಟು 40 ರೂಪಾಯಿ ಲುಕ್ಸಾನು. ಈ 40ನ್ನು ಗಮನಿಸಿ. ಗುರುತು ತಿರುಗಿ ಬಿದ್ದರೆ ಉತ್ತರ ಯಾವಾಗಲೂ ಆ ಸಂಖ್ಯೆಯ ಎರಡರಷ್ಟು ತಪ್ಪುತ್ತದೆ. ಮಗಳ ಲೆಕ್ಕದಲ್ಲೂ ಹಾಗೇ ಆಗಿದೆ: 22 ಬರಬೇಕಿತ್ತು, 2 ಬಂತು, ವ್ಯತ್ಯಾಸ 20. ಅದರ ಅರ್ಧ 10. ಹಾಗಾದರೆ ಲೆಕ್ಕದಲ್ಲಿ 10 ಎಲ್ಲಿದೆ ಅಂತ ಹುಡುಕಿ, ಅದರ ಗುರುತು ನೋಡಿ. ತಪ್ಪು ಅಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ದಿನದ ಲೆಕ್ಕ ತಾಳೆ ಆಗದಿದ್ದಾಗ, ವ್ಯತ್ಯಾಸದ ಅರ್ಧದಷ್ಟು ಮೊತ್ತ ಜಮೆಯ ಬದಲು ಖರ್ಚಿಗೆ ಹೋಗಿದೆಯಾ ಅಂತ ನೀವೂ ನೋಡುತ್ತೀರಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ. ಮಗಳಿಗೆ ಇದನ್ನು ತೋರಿಸಿ. ಪೂರ್ತಿ ಲೆಕ್ಕ ಹೊಡೆದುಹಾಕಿ ಮೊದಲಿನಿಂದ ಬರೆಯಬೇಕಾಗುವುದಿಲ್ಲ.

ಈಗ ಅವಳ ಲೆಕ್ಕಕ್ಕೆ ಬರೋಣ. −2(ಕ − 5) ಅಂದರೆ ಕ − 5 ಅನ್ನುವುದನ್ನು ಎರಡು ಸಲ ಕಳೆಯಬೇಕು. ಎರಡು ಸಲ ಕಳೆದರೆ ಕ ಎರಡು ಸಲ ಹೋಗುತ್ತದೆ, 5 ಎರಡು ಸಲ ವಾಪಸ್ ಬರುತ್ತದೆ. −2ಕ + 10. ನೋಟ್‌ಬುಕ್‌ನಲ್ಲಿ ಹೀಗೆ ಬರೆಸಿ:

3(ಕ + 4) − 2(ಕ − 5)
= 3ಕ + 12 − 2ಕ + 10
= 3ಕ − 2ಕ + 12 + 10
= ಕ + 22

ಒಂದು ಸಾಲಿಗೆ ಒಂದೇ ಕೆಲಸ. ಮೊದಲ ಹೆಜ್ಜೆಯಲ್ಲಿ ಬ್ರ್ಯಾಕೆಟ್ ಬಿಡಿಸುವುದು, ಎರಡನೆಯದರಲ್ಲಿ ಒಂದೇ ಜಾತಿಯವನ್ನು ಹತ್ತಿರ ತರುವುದು, ಮೂರನೆಯದರಲ್ಲಿ ಕೂಡಿಸುವುದು. ಎರಡು ಕೆಲಸ ಒಂದೇ ಸಾಲಿನಲ್ಲಿ ಮಾಡಲು ಹೋದಾಗಲೇ ಗುರುತು ಜಾರುತ್ತದೆ. ಪದವನ್ನು ಎತ್ತಿ ಇನ್ನೊಂದು ಕಡೆ ಇಡುವಾಗ ಅದರ ಹಿಂದಿನ ಗುರುತನ್ನೂ ಜೊತೆಗೇ ಎತ್ತಬೇಕು. ಪೆನ್ಸಿಲ್ಲಿನಲ್ಲಿ ಪದ ಮತ್ತು ಅದರ ಎಡಗಡೆಯ ಗುರುತು ಎರಡನ್ನೂ ಸೇರಿಸಿ ಒಂದು ಸುತ್ತು ಹಾಕಲು ಹೇಳಿ. −2ಕ ಒಂದು ಸುತ್ತಿನಲ್ಲಿ, +10 ಇನ್ನೊಂದು ಸುತ್ತಿನಲ್ಲಿ. ಮಕ್ಕಳು 2ಕ ಮಾತ್ರ ಸುತ್ತಿ ಮೈನಸ್ಸನ್ನು ಹೊರಗೇ ಬಿಡುತ್ತಾರೆ, ಆಮೇಲೆ ಅದು ಕಳೆದೇ ಹೋಗುತ್ತದೆ.

ಬ್ರ್ಯಾಕೆಟ್ ಮುಂದೆ ಸಂಖ್ಯೆಯೇ ಇಲ್ಲದಿದ್ದರೆ, ಉದಾಹರಣೆಗೆ 4ಕ − (ಕ − 7), ಅಲ್ಲಿ 1 ಇದೆ ಅಂತ ತಿಳಿಯಬೇಕು. ಬೇಕಿದ್ದರೆ 4ಕ − 1(ಕ − 7) ಅಂತ ಬರೆದುಕೊಳ್ಳಲಿ. ಉತ್ತರ 3ಕ + 7.

ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ ಅಂತ ಮಗಳು ಕೇಳಿದಳಲ್ಲ, ಆ ಪ್ರಶ್ನೆ ಕೇಳಿದ್ದಕ್ಕೆ ಅವಳನ್ನು ಮೆಚ್ಚಬೇಕು. ಬಿಸ್ಕಿಟ್ ಪುಡಿಕೆಯಲ್ಲೇ ಅರ್ಧ ಉತ್ತರ ಇದೆ. ಉಳಿದರ್ಧಕ್ಕೆ ಈ ಮಗ್ಗಿ ಬರೆದು ತೋರಿಸಿ:

−2 × 3 = −6
−2 × 2 = −4
−2 × 1 = −2
−2 × 0 = 0
−2 × −1 = ?

ಎಡಗಡೆ ಒಂದೊಂದೇ ಇಳಿಯುತ್ತಿದೆ. ಬಲಗಡೆ −6, −4, −2, 0, ಎರಡೆರಡೇ ಏರುತ್ತಿದೆ. ಮುಂದಿನದು ಏನಿರಬೇಕು? +2. ಇದನ್ನು ಅವಳೇ ಬಾಯಿ ಬಿಟ್ಟು ಹೇಳಲಿ, ನೀವು ಹೇಳಬೇಡಿ.

ಇನ್ನೂ ಗಟ್ಟಿ ಕಾರಣ ಬೇಕು ಅಂದರೆ ಬ್ರ್ಯಾಕೆಟ್ಟೇ ಕೊಡುತ್ತದೆ. 5 + (−5) ಅಂದರೆ ಸೊನ್ನೆ. ಸೊನ್ನೆಯನ್ನು −2ರಿಂದ ಗುಣಿಸಿದರೂ ಸೊನ್ನೆ. ಈಗ −2(5 + (−5)) ಬಿಡಿಸಿ. ಮೊದಲನೆಯದು −10. ಎರಡನೆಯದು −2 × −5. ಇವೆರಡೂ ಸೇರಿ ಸೊನ್ನೆ ಆಗಲೇಬೇಕು. ಹಾಗಾದರೆ ಎರಡನೆಯದು +10 ಆಗದೆ ಬೇರೆ ದಾರಿ ಇಲ್ಲ. ಹೊರಗಿನದು ಒಳಗಿನ ಎಲ್ಲವನ್ನೂ ಗುಣಿಸುತ್ತದೆ ಅಂತ ಒಪ್ಪಿಕೊಂಡ ಮೇಲೆ ಈ ನಿಯಮ ತಾನಾಗಿ ಬರುತ್ತದೆ.

ಈ ನಿಯಮ ನಮ್ಮ ನಾಡಿಗೆ ಹೊಸದೂ ಅಲ್ಲ. ಬ್ರಹ್ಮಗುಪ್ತ 628ರಲ್ಲೇ ಧನ (ಪ್ಲಸ್), ಋಣ (ಮೈನಸ್), ಸೊನ್ನೆಗಳ ನಿಯಮ ಬರೆದಿಟ್ಟಿದ್ದಾನೆ. ಅವನ ನಂತರ 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಇದನ್ನೇ ಹೇಳಿದ್ದಾನೆ: ಎರಡು ಋಣಗಳ ಗುಣಲಬ್ಧ ಧನ. ನಮ್ಮ ಧಾರವಾಡ, ಗದಗ, ಹಾವೇರಿಯ ನೆಲ ಆಗ ಆ ರಾಜ್ಯದೊಳಗೇ ಇತ್ತು. ಮಗಳಿಗೆ ಇದನ್ನು ಹೇಳಿ. ಇದು ಪರದೇಶದಿಂದ ಬಂದ ಕಷ್ಟ ಅಂತ ಅವಳಿಗೆ ಅನಿಸದಿರಲಿ.

‘ಮೈನಸ್ ಮೈನಸ್ ಪ್ಲಸ್’ ಅಂತ ಮಂತ್ರದ ಹಾಗೆ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆ ಇಲ್ಲ. ಆ ಮಂತ್ರ ಕಲಿತ ಮಕ್ಕಳು −3 − 5 ಕಂಡರೂ +8 ಅಂತ ಬರೆಯುತ್ತಾರೆ. ಎರಡು ಮೈನಸ್ ಕಂಡವು, ಪ್ಲಸ್ ಹಾಕಿದರು. ಆದರೆ ಅಲ್ಲಿ ಗುಣಾಕಾರವೇ ಇಲ್ಲ. 3 ರೂಪಾಯಿ ಉದ್ರಿ ಇತ್ತು, ಇನ್ನೂ 5 ಉದ್ರಿ ಮಾಡಿದ, ಒಟ್ಟು 8 ಉದ್ರಿ. −8. ಉದ್ರಿ ಪುಸ್ತಕ ಇಡುವ ನಿಮ್ಮ ಮನೆಯಲ್ಲಿ ಇದನ್ನು ವಿವರಿಸುವುದೇ ಬೇಡ. ಕಾರಣ ಗೊತ್ತಿದ್ದರೆ ನಿಯಮ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದೂ ಗೊತ್ತಿರುತ್ತದೆ.

ಒಂದೇ ಜಾತಿಯವನ್ನು ಸೇರಿಸುವುದು ಅಂದೆನಲ್ಲ, ಪುಸ್ತಕದಲ್ಲಿ ಅದಕ್ಕೆ ಸಜಾತಿ ಪದ ಅನ್ನುತ್ತಾರೆ. 3ಕ, −2ಕ ಸಜಾತಿ. 3ಕ, 12 ಅಲ್ಲ. ಕ, ಕ² ಕೂಡ ಅಲ್ಲ. ಈ ಪಾಠ ಹೇಳುವಾಗ ‘3 ಮಾವಿನಹಣ್ಣು, 2 ಬಾಳೆಹಣ್ಣು ಸೇರಿಸಲು ಬರುತ್ತಾ?’ ಅಂತ ಕೇಳುವ ರೂಢಿ ಇದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಮೊದಲ ದಿನ ಅದು ಸುಲಭ ಅನಿಸುತ್ತದೆ. ಆದರೆ ಮಗುವಿನ ತಲೆಯಲ್ಲಿ ಅಕ್ಷರ ಅಂದರೆ ವಸ್ತು ಅಂತ ಕೂತುಬಿಡುತ್ತದೆ. ಮುಂದೆ ಕ × ಗ ಬಂದಾಗ ಮಾವಿನಹಣ್ಣನ್ನು ಬಾಳೆಹಣ್ಣಿನಿಂದ ಗುಣಿಸುವುದು ಹೇಗೆ? ಕ ಅಂದರೆ ಹಣ್ಣಲ್ಲ, ಸಂಖ್ಯೆ. ಹಣ್ಣಿನ ಬೆಲೆ ಇರಬಹುದು, ಎಷ್ಟು ಹಣ್ಣು ಅನ್ನುವ ಲೆಕ್ಕ ಇರಬಹುದು, ಹಣ್ಣು ಮಾತ್ರ ಅಲ್ಲ.

ಇದೇ ಜಾಗದಲ್ಲಿ ಇನ್ನೊಂದು ತಪ್ಪು ತುಂಬಾ ಕಾಣಿಸುತ್ತದೆ: 3ಕ + 4 = 7ಕ. ಮಗು ಯಾಕೆ ಹೀಗೆ ಬರೆಯುತ್ತದೆ ಗೊತ್ತಾ? ಒಂದನೇ ಇಯತ್ತೆಯಿಂದ ಅದು ನೋಡಿದ ಉತ್ತರಗಳೆಲ್ಲ ಒಂದೇ ಸಂಖ್ಯೆ. 5 + 3 ಅಂದರೆ 8. ನಡುವೆ ಪ್ಲಸ್ ಉಳಿದಿದ್ದರೆ ಲೆಕ್ಕ ಇನ್ನೂ ಮುಗಿದಿಲ್ಲ ಅಂತ ಅನಿಸುತ್ತದೆ. ಹಾಗಾಗಿ ಹೇಗಾದರೂ ಮಾಡಿ ಒಂದಾಗಿಸುತ್ತದೆ. 3ಕ + 4 ಅನ್ನುವುದೇ ಪೂರ್ತಿ ಉತ್ತರ, ಅಲ್ಲಿಗೆ ನಿಲ್ಲಬಹುದು ಅಂತ ಯಾರಾದರೂ ಬಾಯಿ ಬಿಟ್ಟು ಹೇಳಬೇಕು. ಹಾಗೆಯೇ 5ಕ − ಕ ಅಂದರೆ 5 ಅಲ್ಲ, 4ಕ. ಬರೀ ಕ ಅಂದರೆ 1ಕ. ಇನ್ನು ಕೂಡಿಸುವಾಗ 2ಕ + 3ಕ = 5ಕ, ಗುಣಿಸುವಾಗ 2ಕ × 3ಕ = 6ಕ². ಇವೆರಡನ್ನೂ ಅಕ್ಕಪಕ್ಕ ಬರೆದು ನೋಡುವುದು ಒಳ್ಳೆಯದು.

ಈಗ (ಕ + 5)². ಇದಕ್ಕೆ ಮಾತಿಗಿಂತ ಚಿತ್ರ ಬೇಕು. ಚೌಕಳಿ ನೋಟ್‌ಬುಕ್ ತೆಗೆಯಿರಿ. 8 ಮನೆ ಉದ್ದ, 8 ಮನೆ ಅಗಲದ ಒಂದು ಚೌಕ ಹಾಕಲು ಹೇಳಿ. ಮೇಲಿನ ಅಂಚಿನಲ್ಲಿ ಎಡಗಡೆಯಿಂದ 3 ಮನೆ ಬಿಟ್ಟು ಮೇಲಿಂದ ಕೆಳಗೆ ಒಂದು ಗೆರೆ ಎಳೆಯಲಿ. ಎಡ ಅಂಚಿನಲ್ಲಿ ಮೇಲಿಂದ 3 ಮನೆ ಬಿಟ್ಟು ಅಡ್ಡ ಒಂದು ಗೆರೆ ಎಳೆಯಲಿ. ಚೌಕ ನಾಲ್ಕು ತುಂಡಾಯಿತು. ಒಂದೊಂದರಲ್ಲಿ ಎಷ್ಟು ಮನೆ ಅಂತ ಎಣಿಸಲಿ: ಮೇಲಿನ ಎಡ ತುಂಡು 9, ಕೆಳಗಿನ ಬಲ ತುಂಡು 25, ಉಳಿದೆರಡು ಉದ್ದನೆಯ ಪಟ್ಟಿಗಳು 15, 15. ಒಟ್ಟು 64. ಎಂಟೆಂಟಲೇ ಅರವತ್ನಾಲ್ಕು, ಸರಿ ಹೋಯಿತು.

ಈಗ ಅವಳ ಉತ್ತರದ ಪ್ರಕಾರ (3 + 5)² ಅಂದರೆ 9 + 25, ಬರೀ 34. ಉಳಿದ 30 ಮನೆ ಎಲ್ಲಿ ಹೋದವು? ಆ ಎರಡು ಪಟ್ಟಿಗಳಲ್ಲಿ ಇವೆ. ಅವಳು ಪಟ್ಟಿಗಳನ್ನು ಬಿಟ್ಟಿದ್ದಾಳೆ. 3ರ ಜಾಗದಲ್ಲಿ ಕ ಇಟ್ಟರೆ ತುಂಡುಗಳು ಕ², 5ಕ, 5ಕ, 25 ಆಗುತ್ತವೆ. ಸಜಾತಿಗಳನ್ನು ಸೇರಿಸಿದರೆ:

(ಕ + 5)² = ಕ² + 10ಕ + 25

ಇದೇ ಮುಂದೆ ಪುಸ್ತಕದಲ್ಲಿ ನಿತ್ಯಸಮೀಕರಣ (ಕ ಎಷ್ಟೇ ಇದ್ದರೂ ಸರಿಯಾಗುವ ಸಮೀಕರಣ) ಅಂತ ಬರುತ್ತದೆ. ಸೂತ್ರ ಬಾಯಿಗೆ ಬಂದರೆ ಒಳ್ಳೆಯದೇ, ಆದರೆ ಚಿತ್ರ ಮೊದಲು ಬರಲಿ. ಪರೀಕ್ಷೆಯ ಗಾಬರಿಯಲ್ಲಿ ಸೂತ್ರ ಮರೆತರೂ ಮೂಲೆಯಲ್ಲಿ ಒಂದು ಚೌಕ ಹಾಕಿದರೆ ಅದು ಮತ್ತೆ ಹುಟ್ಟುತ್ತದೆ.

(ಕ − 5)² ಬಂದಾಗ ಮಕ್ಕಳು ಕೊನೆಗೆ −25 ಬರೆಯುತ್ತಾರೆ. ಅದಕ್ಕೂ ಚಿತ್ರ ಇದೆ. ಈ ಸಲ ದೊಡ್ಡ ಚೌಕದ ಬದಿ ಕ. ಒಂದು ಬದಿಯಿಂದ 5 ಅಗಲದ ಪಟ್ಟಿ ತೆಗೆಯಬೇಕು, ಅದು 5ಕ. ಇನ್ನೊಂದು ಬದಿಯಿಂದಲೂ 5ಕ. ಆದರೆ ಎರಡು ಪಟ್ಟಿಗಳೂ ಸೇರುವ ಮೂಲೆಯ 25 ಮನೆಗಳನ್ನು ಎರಡು ಸಲ ಕಳೆದಂತಾಯಿತು. ಒಂದು ಸಲ ಜಾಸ್ತಿ ಕಳೆದದ್ದನ್ನು ವಾಪಸ್ ಕೂಡಿಸಬೇಕು. ಹಾಗಾಗಿ ಕ² − 10ಕ + 25. ಕ = 8 ಇಟ್ಟು ನೋಡಿ: ಎಡಗಡೆ 3² = 9. ಬಲಗಡೆ 64 − 80 + 25 = 9.

ಎರಡು ಬ್ರ್ಯಾಕೆಟ್ ಬೇರೆ ಬೇರೆ ಇದ್ದರೂ ಇದೇ ಚಿತ್ರ. (ಕ + 2)(ಕ + 3) ಅಂದರೆ ಚೌಕದ ಬದಲು ಆಯತ, ನಾಲ್ಕು ತುಂಡು: ಕ², 3ಕ, 2ಕ, 6. ಉತ್ತರ ಕ² + 5ಕ + 6. ಯೂಟ್ಯೂಬಿನಲ್ಲಿ ಸಿಗುವ ಟ್ರಿಕ್ ಇದಕ್ಕೇ ಇರುವುದು: ಮೊದಲಿನವು, ಹೊರಗಿನವು, ಒಳಗಿನವು, ಕೊನೆಯವು ಅಂತ ನಾಲ್ಕು ಗುಣಾಕಾರ ನೆನಪಿಡುವುದು. ತಪ್ಪೇನಿಲ್ಲ, ಆದರೆ ಎರಡೆರಡು ಪದ ಇದ್ದಾಗ ಮಾತ್ರ ಅದು ನಡೆಯುತ್ತದೆ. (ಕ + 2)(ಕ² + 3ಕ + 1) ಬಂದರೆ ಟ್ರಿಕ್ ಕಲಿತ ಮಗು ನಿಂತುಬಿಡುತ್ತದೆ. ಮೊದಲನೆಯದರ ಪ್ರತಿಯೊಂದು ಪದ ಎರಡನೆಯದರ ಪ್ರತಿಯೊಂದನ್ನೂ ಗುಣಿಸಬೇಕು ಅಂತ ಗೊತ್ತಿರುವ ಮಗು ಎರಡು ಸಾಲು, ಮೂರು ಕಾಲಂ ಇರುವ ಕೋಷ್ಟಕ ಹಾಕಿ ಆರು ಮನೆ ತುಂಬುತ್ತದೆ: ಕ³ + 5ಕ² + 7ಕ + 2.

ಇಷ್ಟೆಲ್ಲ ಹೇಳಿದ ಮೇಲೂ ತಪ್ಪು ಆಗುತ್ತದೆ. ಎಲ್ಲರಿಗೂ ಆಗುತ್ತದೆ. ಅದಕ್ಕೇ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ತಾಳೆ ನೋಡುವುದನ್ನು. ಬಿಡಿಸುವ ಮೊದಲಿನ ಬರಹ, ಬಿಡಿಸಿದ ನಂತರದ ಬರಹ, ಎರಡೂ ಒಂದೇ ಬೆಲೆಯವು. ಕ ಜಾಗದಲ್ಲಿ ಯಾವ ಸಂಖ್ಯೆ ಇಟ್ಟರೂ ಎರಡೂ ಕಡೆ ಒಂದೇ ಉತ್ತರ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ. ಪುಸ್ತಕದ ಹಿಂದಿನ ಪುಟ ತಿರುಗಿಸುವುದೇ ಬೇಡ.

ಮಗಳ ಲೆಕ್ಕದಲ್ಲಿ ಕ = 10 ಇಡಿ. 3(14) − 2(5), ಅಂದರೆ 42 − 10 = 32. ಅವಳ ಕ + 2 ಈಗ 12. ತಾಳೆ ಆಗಲಿಲ್ಲ. ಕ + 22 ಅಂದರೆ 32. ಆಯಿತು. ಅರ್ಧ ನಿಮಿಷದ ಕೆಲಸ.

ಯಾವ ಸಂಖ್ಯೆ ಇಡಬೇಕು ಅನ್ನುವುದರಲ್ಲಿ ಸ್ವಲ್ಪ ಹುಷಾರಿ ಬೇಕು. ಮಕ್ಕಳು ಸುಲಭ ಅಂತ 0 ಅಥವಾ 1 ಇಡುತ್ತಾರೆ, ಅವು ಮೋಸ ಮಾಡುತ್ತವೆ. 3ಕ + 4 = 7ಕ ಅನ್ನುವ ತಪ್ಪಿಗೆ ಕ = 1 ಇಟ್ಟು ನೋಡಿ: 7 = 7, ಸರಿ ಅನಿಸುತ್ತದೆ. (ಕ + 5)² = ಕ² + 25 ಅನ್ನುವುದಕ್ಕೆ 0 ಇಟ್ಟರೆ 25 = 25, ಅದೂ ಸರಿ ಅನಿಸುತ್ತದೆ. 2 ಕೂಡ ಬೇಡ, ಏಕೆಂದರೆ 2² ಮತ್ತು 2 × 2 ಎರಡೂ 4. ಕ² ಮತ್ತು 2ಕ ಅದಲುಬದಲಾದರೆ 2 ಹಿಡಿಯುವುದಿಲ್ಲ. ಲೆಕ್ಕದಲ್ಲೇ ಇರುವ ಸಂಖ್ಯೆಯನ್ನೂ ಬಿಡಿ. ಕ − 5 ಇದ್ದಾಗ 5 ಇಟ್ಟರೆ ಆ ಬ್ರ್ಯಾಕೆಟ್ ಸೊನ್ನೆ ಆಗಿ, ಅದರಲ್ಲಿನ ತಪ್ಪು ಮುಚ್ಚಿಹೋಗಬಹುದು.

ನನಗೆ 10 ಇಷ್ಟ. ಗುಣಾಕಾರ ಸುಲಭ, ಜೊತೆಗೆ ಒಂದು ಚೆಂದದ ಸಂಗತಿಯೂ ಕಾಣುತ್ತದೆ. (ಕ + 2)(ಕ + 3) ರಲ್ಲಿ ಕ = 10 ಇಟ್ಟರೆ 12 × 13 = 156. ಉತ್ತರ ಕ² + 5ಕ + 6. ಪದಗಳ ಮುಂದಿನ ಸಂಖ್ಯೆಗಳು 1, 5, 6. ಮೇಲಿನ ಉದ್ದ ಲೆಕ್ಕದಲ್ಲೂ ಹಾಗೇ: 12 × 131 = 1572, ಉತ್ತರದ ಸಂಖ್ಯೆಗಳು 1, 5, 7, 2. ಬಿಡಿ, ಹತ್ತು, ನೂರು ಅಂತ ಮಕ್ಕಳು ಚಿಕ್ಕಂದಿನಿಂದ ಬರೆಯುತ್ತಿದ್ದದ್ದೇ ಇಲ್ಲಿ ಅಕ್ಷರದ ರೂಪದಲ್ಲಿದೆ. ಸಂಖ್ಯೆಗಳೆಲ್ಲ 9ರೊಳಗೆ ಇದ್ದು, ಮೈನಸ್ ಇಲ್ಲದಿದ್ದರೆ ಹೀಗೆ ನೇರವಾಗಿ ಓದಬಹುದು. ಮಗಳಿಗೆ ತೋರಿಸಿ, ಖುಷಿ ಪಡುತ್ತಾಳೆ.

ಒಂದೇ ಸಂಖ್ಯೆಯಲ್ಲಿ ತಾಳೆ ಆದರೆ ಉತ್ತರ ಖಾತ್ರಿನಾ ಅಂತ ಕೇಳಬಹುದು. ಎರಡೂ ಕಡೆ ಬರೀ ಕ ಮತ್ತು ಸಂಖ್ಯೆಗಳಿದ್ದರೆ, ವರ್ಗ ಇಲ್ಲದಿದ್ದರೆ, ಎರಡು ಬೇರೆ ಸಂಖ್ಯೆಗಳಲ್ಲಿ ತಾಳೆ ಆದರೆ ಸಾಕು, ಪೂರ್ತಿ ಖಾತ್ರಿ. ಕ² ತನಕ ಇದ್ದರೆ ಮೂರು ಸಂಖ್ಯೆ ಬೇಕು. ದಿನದ ಅಭ್ಯಾಸಕ್ಕೆ 10 ಒಂದೇ ಸಾಕು, ಅದೇ ಬಹಳಷ್ಟು ತಪ್ಪು ಹಿಡಿಯುತ್ತದೆ. ಋಣ ಸಂಖ್ಯೆ ಇಡುವುದಾದರೆ ಅದಕ್ಕೂ ಬ್ರ್ಯಾಕೆಟ್ ಹಾಕಬೇಕು. ಕ = −3 ಆದಾಗ ಕ² ಅಂದರೆ (−3)² = 9. ಬ್ರ್ಯಾಕೆಟ್ ಬಿಟ್ಟು −3² ಅಂತ ಬರೆದರೆ ಅದು −9 ಆಗುತ್ತದೆ.

ಒಂದು ವಿಷಯ ಬಿಟ್ಟುಹೋಗಬಾರದು. ಕ + 22 ಅಂತ ಬಂದ ಮೇಲೆ ಕೆಲವು ಮಕ್ಕಳು ಅಷ್ಟಕ್ಕೇ ಬಿಡದೆ ಕ + 22 = 0, ಆದ್ದರಿಂದ ಕ = −22 ಅಂತ ಮುಂದುವರಿಸುತ್ತಾರೆ. ಸುಲಭ ರೂಪಕ್ಕೆ ತನ್ನಿ ಅಂದಾಗ ಕ ಎಷ್ಟು ಅಂತ ಯಾರೂ ಕೇಳಿಲ್ಲ. ಪ್ರಶ್ನೆಯಲ್ಲಿ ಸಮ ಚಿಹ್ನೆ ಇಲ್ಲದಿದ್ದರೆ ಅದು ಸಮೀಕರಣ ಅಲ್ಲ, ಬೆಲೆ ಕಂಡುಹಿಡಿಯುವ ಕೆಲಸವೂ ಇಲ್ಲ.

ಟ್ಯೂಷನ್ ಬಗ್ಗೆ ಹೇಳುವುದಾದರೆ, ಈ ಪಾಠವೊಂದಕ್ಕಾಗಿ ಬೇಡ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವಳ ಪಕ್ಕ ಹತ್ತು ನಿಮಿಷ ಕೂತು ಎರಡೇ ಎರಡು ಲೆಕ್ಕ ಮಾಡಿಸಿ. ನೀವು ಬಿಡಿಸಿ ತೋರಿಸುವುದು ಬೇಡ. ಅವಳು ಬಿಡಿಸಲಿ, ನೀವು 10 ಇಟ್ಟು ತಾಳೆ ನೋಡಿ. ಆ ಕೆಲಸ ನಿಮಗೆ ಅವಳಿಗಿಂತ ಬೇಗ ಬರುತ್ತದೆ. ತಾಳೆ ಆಗದಿದ್ದರೆ ‘ತಪ್ಪು’ ಅನ್ನುವ ಬದಲು ವ್ಯತ್ಯಾಸ ಎಷ್ಟು ಅಂತ ಹೇಳಿ, ಅವಳೇ ಹುಡುಕಲಿ. ಎರಡು ವಾರ ಹೀಗೆ ಮಾಡಿದ ಮೇಲೂ ಮೊದಲ ಸಾಲೇ ತಪ್ಪುತ್ತಿದ್ದರೆ, ಆಗ ಶಾಲೆಯ ಗಣಿತ ಶಿಕ್ಷಕರ ಹತ್ತಿರ ಹೋಗಿ ನೋಟ್‌ಬುಕ್ ತೋರಿಸಿ ಮಾತಾಡಿ. ಯಾವ ಸಾಲಿನಲ್ಲಿ ತಪ್ಪುತ್ತಿದೆ ಅಂತ ನೀವು ಬೆರಳಿಟ್ಟು ತೋರಿಸಿದರೆ ಅವರಿಗೂ ಸಹಾಯ.

ಶುರು ಮಾಡಲು ಕೆಲವು ಲೆಕ್ಕ ಕೊಡುತ್ತೇನೆ. 5(ಕ − 2) − 3(ಕ − 4), ಇದರ ಉತ್ತರ 2ಕ + 2. 2ಕ(ಕ + 3) − ಕ(ಕ − 1) ಅಂದರೆ ಕ² + 7ಕ, ಇಲ್ಲಿ ಕೊನೆಯ ಗುರುತು ನೋಡಬೇಕು. (ಕ + 3)(ಕ − 2) ಅಂದರೆ ಕ² + ಕ − 6. ಬ್ರ್ಯಾಕೆಟ್ ಒಳಗೆ ಬ್ರ್ಯಾಕೆಟ್ ಇರುವ ಒಂದು: 10 − [4 − (ಕ − 3)]. ಇದನ್ನು ಒಳಗಿನಿಂದ ಬಿಡಿಸುತ್ತಾ ಬರಬೇಕು. ಮೊದಲು 10 − [4 − ಕ + 3], ಆಮೇಲೆ 10 − [7 − ಕ], ಕೊನೆಗೆ ಕ + 3. ಕೊನೆಯದು (ಕ + 2)² − (ಕ − 2)². ಇದರಲ್ಲಿ ಎರಡನೇ ವರ್ಗ ಬಿಡಿಸಿದ ಮೇಲೂ ಅದರ ಸುತ್ತ ಬ್ರ್ಯಾಕೆಟ್ ಉಳಿಸಿಕೊಂಡು, ಮುಂದಿನ ಸಾಲಿನಲ್ಲಿ ಮೈನಸ್ ಒಳಗೆ ಕಳಿಸಲು ಹೇಳಿ. ಕ² ಹೋಗುತ್ತದೆ, 4 ಹೋಗುತ್ತದೆ, 8ಕ ಉಳಿಯುತ್ತದೆ. ಕ = 10 ಇಟ್ಟರೆ 144 − 64 = 80.